ಮಸ್ಕತ್ ಟೂರ್ ಹಾಕುವ ಮೊದಲು ನಾನು ಹವಾಮಾನ ನೋಡುವ ಕ್ರಮ

ಮಂಗಳೂರಿನಲ್ಲಿ ನಮ್ಮದೊಂದು ಸಣ್ಣ ಟ್ರಾವೆಲ್ಸ್. ಮಕ್ಕಳು ಗಲ್ಫ್‌ನಲ್ಲಿರುವ ಮನೆಯವರೇ ಗಿರಾಕಿಗಳು ಜಾಸ್ತಿ. ಮಾರ್ಚ್, ಏಪ್ರಿಲ್ ಬಂತೆಂದರೆ ಅಪ್ಪ ಅಮ್ಮನನ್ನು ಮಸ್ಕತ್‌ಗೆ ಕರೆಸಿ ಒಂದು ವಾರ ಓಮಾನ್ ಸುತ್ತಿಸುವವರು ತುಂಬಾ ಜನ. ಎಲ್ಲಿಗೆ ಯಾವ ದಿನ ಅಂತ ಪ್ಲಾನ್ ಮಾಡಿಕೊಡುವುದು ನಾನು. ಹೋಗುವವರು ಕೇಳುವುದು ಒಂದೇ, "ಅಲ್ಲಿ ಸೆಕೆ ಎಷ್ಟುಂಟು ಮಾರಾಯ್ರೆ?"

ಸೆಕೆಗೆ ಉತ್ತರ ಸುಲಭ. ಮಸ್ಕತ್‌ನಲ್ಲಿ ಮಾರ್ಚ್ ಹಗಲು ಸುಮಾರು 30 ಡಿಗ್ರಿ, ಏಪ್ರಿಲ್‌ನಲ್ಲಿ 35, ಮೇಯಲ್ಲಿ 40ರ ಹತ್ತಿರ. ಮಂಗಳೂರಿನ ಮಾರ್ಚ್ ಕಂಡವರಿಗೆ ಅಲ್ಲಿನ ಮಾರ್ಚ್ ಏನೂ ಅಲ್ಲ. ಮೇಯಲ್ಲಿ ಹೋಗಲೇಬೇಕೆಂದರೆ ಟಿಕೆಟ್ ಮಾಡಿಕೊಡುತ್ತೇನೆ, ಆದರೆ ವಹೀಬಾ ಮರಳುಗಾಡಿನ ಟೆಂಟ್ ವಾಸ ಮಾತ್ರ ಹಾಕುವುದಿಲ್ಲ. ಇನ್ನು ಜೆಬೆಲ್ ಅಖ್ದರ್ ಬೆಟ್ಟ. ಊರುಗಳಿರುವುದೇ ಸುಮಾರು 2,000 ಮೀಟರ್ ಎತ್ತರದಲ್ಲಿ, ಮಸ್ಕತ್‌ಗಿಂತ ಹತ್ತು ಡಿಗ್ರಿಗೂ ಮೇಲೆ ತಂಪು. ಗಲ್ಫ್‌ಗೆ ಸ್ವೆಟರ್ ಅಂದರೆ ಎಲ್ಲರಿಗೂ ನಗು. ಮಾರ್ಚ್ ರಾತ್ರಿ ಅಲ್ಲಿ ಉಳಿದವರು ಆಮೇಲೆ ನಗುವುದಿಲ್ಲ. ಗುಲಾಬಿ ನೋಡಬೇಕೆಂದರೆ ಏಪ್ರಿಲ್ ಒಳ್ಳೆಯದು. ಬೆಟ್ಟದ ಬುಡದ ಚೆಕ್‌ಪೋಸ್ಟ್‌ನಲ್ಲಿ ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿಯನ್ನು ವಾಪಸ್ ಕಳಿಸುತ್ತಾರೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ತಲೆ ಕೆಡಿಸಿಕೊಳ್ಳಬೇಕಾದದ್ದು ಮಳೆಗೆ. ಮಸ್ಕತ್‌ನಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 100 ಮಿ.ಮೀ. ಜುಲೈಯಲ್ಲಿ ನಮ್ಮಲ್ಲಿ ಅದು ಒಂದು ದಿನದ ಮಳೆ. ಹಾಗಾಗಿ ಮೂರು ತಿಂಗಳ ಮುನ್ಸೂಚನೆಯ ನಕ್ಷೆಯಲ್ಲಿ "ಸಾಮಾನ್ಯಕ್ಕಿಂತ ಹೆಚ್ಚು ಮಳೆ" ಅಂತ ಕಂಡರೆ ಇಡೀ ಸೀಸನ್ ನೆನೆಯುತ್ತೆ ಅಂತ ಅಲ್ಲ, ಒಂದೇ ಜೋರು ಮಳೆ ಬಂದರೂ ಆ ಮಾತು ನಿಜವಾಗುತ್ತದೆ, ಉಳಿದ ದಿನವೆಲ್ಲ ಚುರುಗುಟ್ಟುವ ಬಿಸಿಲೇ. ನಾನು ಆ ನಕ್ಷೆ ನೋಡುವುದು ಯಾವ ತಿಂಗಳು ಅಂತ ತೀರ್ಮಾನಿಸಲಿಕ್ಕೆ ಅಷ್ಟೇ, ದಿನ ಗೊತ್ತು ಮಾಡಲಿಕ್ಕಲ್ಲ. ದಿನಕ್ಕೆ ಹತ್ತು ದಿನದ ಮುನ್ಸೂಚನೆ ಬೇಕು. ಅದರಲ್ಲೂ ಮಸ್ಕತ್‌ನ ಮೋಡದ ಚಿತ್ರ ನೋಡಿ ಪ್ರಯೋಜನ ಇಲ್ಲ. ಹಜರ್ ಬೆಟ್ಟಸಾಲಿನ ಮೇಲೆ ಮಧ್ಯಾಹ್ನದ ನಂತರ ಏನು ತೋರಿಸುತ್ತದೆ ಅಂತ ನೋಡುತ್ತೇನೆ, ಪಶ್ಚಿಮದಿಂದ ಮಳೆ ತರುವ ವಾಯುಭಾರ ಕುಸಿತ ಬರುತ್ತಾ ಉಂಟಾ ಅಂತ ನೋಡುತ್ತೇನೆ.

ಘಟ್ಟದಲ್ಲಿ ಮಳೆ ಸುರಿದರೆ ಬಂಟ್ವಾಳದಲ್ಲಿ ನೇತ್ರಾವತಿ ಏರುವುದು ನಮಗೆ ಗೊತ್ತಿದ್ದದ್ದೇ ಅಲ್ವಾ. ಅಲ್ಲಿನ ಒಣ ಹೊಳೆಗಳೂ, ಅಂದರೆ ವಾದಿಗಳೂ, ಹಾಗೆಯೇ, ಆದರೆ ಸಿಗುವ ಸಮಯ ತೀರಾ ಕಮ್ಮಿ. ಬೋಳು ಕಲ್ಲಿನ ಬೆಟ್ಟ, ನೀರು ಹೀರಲು ಕಾಡೂ ಇಲ್ಲ, ಮಣ್ಣೂ ಇಲ್ಲ. ವಾದಿ ಅಂದರೆ ಹೆಚ್ಚಾಗಿ ವರ್ಷದ ಬಹುಪಾಲು ಒಣಗಿಕೊಂಡಿರುವ ಕಲ್ಲುಹರಳಿನ ಹೊಳೆ, ಎಷ್ಟೋ ಕಡೆ ರಸ್ತೆಯೇ ಅದರೊಳಗೆ ಇಳಿದು ಹತ್ತುತ್ತದೆ. ಇಳಿಯುವ ಜಾಗದಲ್ಲಿ ನೀರಿನ ಮಟ್ಟ ತೋರಿಸಲು ಕೆಂಪು-ಬಿಳಿ ಕಂಬ ನೆಟ್ಟಿರುತ್ತಾರೆ. ತಲೆ ಮೇಲೆ ಬಿಸಿಲಿರುವಾಗಲೇ ಕಲ್ಲುಗಳ ನಡುವೆ ಕೆಂಪು ನೀರು ಎಳೆ ಎಳೆಯಾಗಿ ಬರಲು ಶುರುವಾದರೆ ಫೋಟೋ ತೆಗೆಯುತ್ತಾ ನಿಲ್ಲಬಾರದು, ಮೇಲೆ ಹತ್ತಬೇಕು. 2024ರ ಏಪ್ರಿಲ್ ಮಧ್ಯದಲ್ಲಿ ಇಂಥ ಪ್ರವಾಹದಲ್ಲೇ ಓಮಾನ್‌ನಲ್ಲಿ ಶಾಲಾ ಮಕ್ಕಳ ಜೀವ ಹೋದದ್ದು. ಅದೇ ಮಳೆ ಮುಂದೆ ದುಬೈ ವಿಮಾನ ನಿಲ್ದಾಣವನ್ನೂ ಮುಳುಗಿಸಿತು.

ಹಾಗಾಗಿ ವಾದಿ ಶಾಬ್‌ನಂಥ ಜಾಗವನ್ನು ಕೊನೆಯ ದಿನಕ್ಕೆ ನಾನು ಇಡುವುದೇ ಇಲ್ಲ, ಇಟ್ಟರೆ ಮುಂದೂಡಲು ದಿನವೇ ಇರುವುದಿಲ್ಲ. ವಾರದ ಮೊದಲಿಗೆ ಹಾಕಿ, ಮಳೆ ಸೂಚನೆ ಇದ್ದರೆ ಅದರ ಜಾಗಕ್ಕೆ ಮಸ್ಕತ್‌ನ ದೊಡ್ಡ ಮಸೀದಿ, ಮತ್ರಾ ಸೂಕ್ ಅನ್ನುವ ಹಳೇ ಮಾರ್ಕೆಟ್ ಎತ್ತಿಕೊಳ್ಳುತ್ತೇನೆ. ಮರಳುಗಾಡಿಗೆ ಮಳೆಗಿಂತ ಗಾಳಿ ಮುಖ್ಯ. ಗಾಳಿ ಜೋರಿದ್ದರೆ ಊಟದ ತಟ್ಟೆಯಲ್ಲೂ ಮರಳು. ಹೊರಡುವ ದಿನ ಬೆಳಗ್ಗೆ ಓಮಾನ್ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ ಗಿರಾಕಿಗಳಿಗೆ ವಾಟ್ಸಾಪ್ ಮಾಡುತ್ತೇನೆ. ಅವರಿಗಿಂತ ನಮ್ಮ ಗಡಿಯಾರ ಒಂದೂವರೆ ಗಂಟೆ ಮುಂದಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. "ಆಕಾಶ ಸ್ವಚ್ಛ ಉಂಟಲ್ಲ, ಹೋಗುವ ಅಣ್ಣಾ" ಅಂತ ಗಾಡಿ ಓಡಿಸುವ ಮಗ ಹಟ ಹಿಡಿಯುವುದುಂಟು. ತುಂಬಿದ ವಾದಿಗೆ ಗಾಡಿ ಇಳಿಸಿದರೆ ಅಲ್ಲಿ ದಂಡ, ಜೈಲು ಎರಡೂ ಉಂಟು ಅಂತ ಹೇಳಿದರೆ ಸಾಕು, ಸುಮ್ನಾಗುತ್ತಾರೆ.