ಸಿಜೆ-3ಬಿ ಜೀಪಿಗೆ ಕ್ರೌನ್-ಪಿನಿಯನ್ ಹಾಕಿದ ನನ್ನ ಅನುಭವ

ಸಕಲೇಶಪುರದ ನಮ್ಮ ತೋಟದಲ್ಲಿ ಅಪ್ಪನ ಕಾಲದಿಂದ ದುಡಿಯುತ್ತಿರುವುದು ಎತ್ತರದ ಬಾನೆಟ್ಟಿನ ಮಹೀಂದ್ರಾ ಸಿಜೆ-3ಬಿ. ಅದರ ಹಿಂದಿನ ಡಿಫರೆನ್ಶಿಯಲ್ (ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಗೇರುಗಳ ಗುಂಪು) ಕೂಗತೊಡಗಿದಾಗ ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: "ಹೊಸ ಮಾಡೆಲ್ಲಿನ ಪೂರ್ತಿ ಹೌಸಿಂಗ್ ಸಿಗುತ್ತೆ ಸಾರ್, ಎತ್ತಿ ಕೂರಿಸಿಬಿಡಿ." ಹೌಸಿಂಗ್ ಅಂದರೆ ಆ ಗೇರುಗಳನ್ನು ಹೊತ್ತ ಎರಕದ ಪೆಟ್ಟಿಗೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಈ ಗಾಡಿಯ ಅನುಪಾತ 5.38, ಅಂದರೆ ಎಂಜಿನ್ ಕಡೆಯಿಂದ ತಿರುಗುವ ಚಿಕ್ಕ ಗೇರು ಪಿನಿಯನ್ನಿಗೆ 8 ಹಲ್ಲು, ಅದು ತಿರುಗಿಸುವ ದೊಡ್ಡ ಗೇರು ಕ್ರೌನಿಗೆ 43. ಎರಡನೇ ಮಹಾಯುದ್ಧಕಾಲದ ಸೇನಾ ಜೀಪು ವಿಲ್ಲಿಸ್ ಎಂಬಿಯಲ್ಲಿ ಇದ್ದದ್ದು 4.88. ಯುದ್ಧ ಮುಗಿದು ಜೀಪು ಹೊಲಕ್ಕಿಳಿದಾಗ ಎಳೆತ ಹೆಚ್ಚಲೆಂದು 5.38 ಬಂತು. ಜುಲೈ ಮಳೆಯಲ್ಲಿ ಟ್ರೈಲರ್ ಕಟ್ಟಿಕೊಂಡು ಕೆಸರಿನ ಏರು ಹತ್ತಿದವರಿಗೆ ಆ ವ್ಯತ್ಯಾಸ ಗೊತ್ತು. ಹಿಂದಿನದನ್ನು ಮಾತ್ರ ಬೇರೆ ಅನುಪಾತಕ್ಕೆ ಬದಲಿಸಿದರೆ ಫೋರ್‌ವೀಲ್ ಹಾಕಿದಾಗ ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ಹೊಂದುವುದಿಲ್ಲ, ಒತ್ತಡವೆಲ್ಲ ಶಕ್ತಿಯನ್ನು ಎರಡೂ ಆಕ್ಸಲ್ಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ಸ್ಪೀಡೋಮೀಟರೂ ಸುಳ್ಳು ಹೇಳುತ್ತದೆ.

ಬಿಚ್ಚುವ ಮೊದಲು ಶಬ್ದವನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಕೂಗಿನ ರಾಗ ಬದಲಾದರೆ ಕ್ರೌನ್-ಪಿನಿಯನ್ ಮೇಲೆ ಅನುಮಾನ. ಗಾಡಿಯ ವೇಗಕ್ಕೆ ತಕ್ಕಂತೆ ಒಂದೇ ಸಮ ಗುರುಗುಟ್ಟಿದರೆ ಬೇರಿಂಗ್. ಗೇರು ಹಾಕಿ ಕ್ಲಚ್ ಬಿಟ್ಟೊಡನೆ 'ಟಕ್' ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಯುಜೆ ಕ್ರಾಸನ್ನು (ಯೂನಿವರ್ಸಲ್ ಜಾಯಿಂಟ್, ಶಾಫ್ಟಿನ ಕೀಲು) ಮೊದಲು ಅಲ್ಲಾಡಿಸಿ ನೋಡಿ. ಎಷ್ಟೋ ಡಿಫರೆನ್ಶಿಯಲ್‌ಗಳು ಅದರ ತಪ್ಪಿಗೆ ಬಿಚ್ಚಿಸಿಕೊಂಡಿವೆ. ನನ್ನ ಗಾಡಿಯಲ್ಲಿ ಕೂಗೂ ಇತ್ತು, ಗುರುಗುಟ್ಟುವುದೂ ಇತ್ತು. ಪಿನಿಯನ್ ಸೀಲ್ ಸೋರಿ ಆಯಿಲ್ ಇಳಿದುಹೋಗಿತ್ತು.

ಹಿಂದಿನ ಹಬ್ಬುಗಳು ಟೇಪರ್ ಶಾಫ್ಟಿನ ಮೇಲೆ ಕೀ ಹಾಕಿ ಕೂತಿರುತ್ತವೆ. ಸುತ್ತಿಗೆಯಿಂದ ಶಾಫ್ಟಿನ ತುದಿಗೆ ಹೊಡೆದು ಬಿಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಪೆಟ್ಟು ನೇರ ಒಳಗಿನ ಬೇರಿಂಗಿಗೆ ಹೋಗುತ್ತದೆ. ಒಳ್ಳೆಯ ಪುಲ್ಲರ್ ಹಾಕಿ ಬಿಗಿದು, ಸ್ವಲ್ಪ ಹೊತ್ತು ಕಾದರೆ ತಾನಾಗಿ ಬಿಡುತ್ತದೆ.

ಒಳಗೆ ಕಂಡದ್ದು: ಕ್ರೌನಿನ ಹಲ್ಲುಗಳಲ್ಲಿ ಗೀರು, ಪಿನಿಯನ್ ಬೇರಿಂಗುಗಳಲ್ಲಿ ಗುಳಿ, ತಿರುವಿನಲ್ಲಿ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸ್ಪೈಡರ್ ಗೇರುಗಳ ಹಿಂದಿನ ವಾಷರ್ ಸವೆದು ತೆಳುವಾಗಿದೆ. ಸ್ಪೈಡರ್ ಗೇರು, ಡಿಫರೆನ್ಶಿಯಲ್ ಕೇಸು, ಆಕ್ಸಲ್ ಶಾಫ್ಟು, ಎಲ್ಲ ಗಟ್ಟಿಮುಟ್ಟು. ಹಾಗಾಗಿ ಅವನ್ನು ಬದಲಿಸಲಿಲ್ಲ. ಬೇರಿಂಗ್, ಸೀಲ್, ವಾಷರ್ ಕಾರ್ಖಾನೆಯ ದಿನದಿಂದಲೂ ಸವೆದು ಬದಲಾಗಲೆಂದೇ ಇರುವ ಸಾಮಾನು. ಅವು ಹೊಸತಾದರೆ ಗಾಡಿಯ ಮೂಲತನಕ್ಕೆ ಏನೂ ಕುಂದಿಲ್ಲ. ಹೌಸಿಂಗ್, ಅನುಪಾತ, ಎರಕದ ಮೇಲಿನ ಅಂಕಿಗಳು ಹೋದರೆ ಮಾತ್ರ ಮರಳಿ ತರಲಾಗುವುದಿಲ್ಲ.

ಕ್ರೌನ್ ಮತ್ತು ಪಿನಿಯನ್ ಒಟ್ಟಿಗೆ ಉಜ್ಜಿ ಹೊಂದಿಸಿದ ಜೋಡಿ. ಎರಡರ ಮೇಲೂ ಒಂದೇ ನಂಬರ್ ಕೊರೆದಿರುತ್ತದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಚಂದದ ಕ್ರೌನ್ ಒಂದು ಸಿಕ್ಕಿತು, ಪಿನಿಯನ್ ಬೇರೆಯದು, ಬಿಟ್ಟು ಬಂದೆ. ಕೊನೆಗೆ ಜೆ.ಸಿ. ರಸ್ತೆಯ ಹಳೆಯ ಅಂಗಡಿಯೊಂದರಲ್ಲಿ ಗ್ರೀಸ್ ಕಾಗದ ಸುತ್ತಿದ, ಬಳಸದೇ ಉಳಿದ ಜೋಡಿ ಸಿಕ್ಕಿತು.

ಇನ್ನು ನಿಜವಾದ ಕೆಲಸ. ಪಿನಿಯನ್ನಿನ ತಲೆಯ ಮೇಲೆ +1, -2 ಎಂಬಂಥ ಗುರುತು ಇರುತ್ತದೆ. ಅದು ಇಂಚಿನ ಸಾವಿರದ ಭಾಗದ ಲೆಕ್ಕ, ಲೇತಿನವರು 'ತೌ' ಅನ್ನುವುದು ಅದನ್ನೇ. ಪಿನಿಯನ್ ಎಷ್ಟು ಒಳಗೆ ಕೂರಬೇಕೆಂದು ಹೊಂದಿಸುವುದು ಶಿಮ್ ಎಂಬ ತೆಳು ಲೋಹದ ಬಿಲ್ಲೆಗಳಿಂದ. ಪ್ಲಸ್ ಇದ್ದರೆ ಅಷ್ಟು ಶಿಮ್ ಕಡಿಮೆ, ಮೈನಸ್ ಇದ್ದರೆ ಅಷ್ಟು ಹೆಚ್ಚು. ನನ್ನ ಹಳೆಯ ಪಿನಿಯನ್ +1, ಹೊಸದು -2. ಅಂದರೆ ಹಳೆಯ ಶಿಮ್ ಕಟ್ಟನ್ನು ಮೈಕ್ರೋಮೀಟರಿನಲ್ಲಿ ಅಳೆದು, ಅದಕ್ಕೆ ಮೂರು ತೌ ಸೇರಿಸಿ ಒಳಬೇರಿಂಗಿನ ಕಪ್ಪಿನ (ಹೊರಬಳೆಯ) ಹಿಂದೆ ಹಾಕಬೇಕು. ಹಳೆಯ ಶಿಮ್ಮುಗಳನ್ನು ಎಸೆದರೆ ಈ ಲೆಕ್ಕ ಹಿಡಿಯಲು ದಾರಿಯೇ ಇಲ್ಲ. ಬಿಚ್ಚುವಾಗಲೇ ಎಡ, ಬಲ, ಪಿನಿಯನ್ ಎಂದು ಬರೆದು ಬೇರೆ ಬೇರೆ ಡಬ್ಬಿಗೆ ಹಾಕಿದ್ದೆ. ಬೇರಿಂಗ್ ಕ್ಯಾಪುಗಳನ್ನು ಹೌಸಿಂಗಿನ ಜೊತೆಗೇ ಕೊರೆದಿರುತ್ತಾರೆ, ಆದ್ದರಿಂದ ಅವೂ ಅದಲುಬದಲಾಗಬಾರದು. ಕ್ಯಾಪಿನ ಮೇಲಿನ ಅಕ್ಷರ ಹೌಸಿಂಗಿನ ಅಕ್ಷರಕ್ಕೆ ಹೊಂದಬೇಕು.

ಕೇಸನ್ನು ಮರಳಿ ಕೂರಿಸಲು ಹೌಸಿಂಗನ್ನು ಸ್ವಲ್ಪ ಅಗಲಿಸಬೇಕಾಗುತ್ತದೆ. ಸ್ಪ್ರೆಡರನ್ನು ಲೇತಿನಲ್ಲಿ ಮಾಡಿಸಿಕೊಂಡೆ. ಇಪ್ಪತ್ತು ತೌ, ಅಂದರೆ ಸುಮಾರು ಅರ್ಧ ಮಿಲಿಮೀಟರ್ ದಾಟಿಸಬಾರದು, ದಾಟಿದರೆ ಆ ಮೂಲ ಹೌಸಿಂಗೇ ಹಾಳು. ಡಯಲ್ ಗೇಜ್ ಇಟ್ಟುಕೊಂಡೇ ಬಿಗಿದೆ. ಆಮೇಲೆ ಕ್ರೌನಿನ ಪ್ಲೇ, ಅಂದರೆ ಪಿನಿಯನ್ ಹಲ್ಲಿಗೂ ಅದರ ಹಲ್ಲಿಗೂ ನಡುವಿನ ಸಡಿಲವನ್ನು, ಆರು ತೌಗೆ ತಂದು, ಸುತ್ತಲೂ ಹಲವು ಕಡೆ ಅಳೆದೆ.

ಅಳತೆ ಸರಿ ಬಂತೆಂದು ನಿಲ್ಲಿಸುವಂತಿಲ್ಲ. ಹಲ್ಲುಗಳಿಗೆ ಬಣ್ಣ ಹಚ್ಚಿ, ಕ್ರೌನಿಗೆ ತುಸು ತಡೆ ಕೊಟ್ಟು ತಿರುಗಿಸಿದರೆ ಎಲ್ಲಿ ತಾಗುತ್ತಿದೆ ಎಂದು ಅಚ್ಚು ಬೀಳುತ್ತದೆ. ಅದು ಹಲ್ಲಿನ ಬುಡಕ್ಕೆ ಇಳಿದರೆ ಪಿನಿಯನ್ ಒಳಗೆ ಹೆಚ್ಚು ಹೋಗಿದೆ, ಶಿಮ್ ತೆಗೆಯಬೇಕು. ತುದಿಗೆ ಏರಿದರೆ ಶಿಮ್ ಸೇರಿಸಬೇಕು. ಪ್ರತಿ ಸಲವೂ ಪಿನಿಯನ್ ಹೊರಗೆ ತೆಗೆದು, ಕಪ್ ಬಿಡಿಸಿ, ಮತ್ತೆ ಒತ್ತಬೇಕು. ಬೇಸರ ತರಿಸುವ ಕೆಲಸ, ಆದರೆ ಇಲ್ಲಿ ಅವಸರ ಮಾಡಿದರೆ ಹೊಸ ಜೋಡಿಯೂ ಬೇಗ ಕೂಗುತ್ತದೆ. ಅಚ್ಚು ಹಲ್ಲಿನ ಎತ್ತರದ ನಡುವೆ ಬಂದು ನಿಂತ ಮೇಲಷ್ಟೇ ಸೀಲ್ ಹಾಕಿ, ಪೇಪರ್ ಗ್ಯಾಸ್ಕೆಟ್ ಕತ್ತರಿಸಿ, ಹಳೆಯ ಕವರನ್ನೇ ಮುಚ್ಚಿದೆ.

90 ನಂಬರಿನ ಹೈಪಾಯ್ಡ್ ಗೇರ್ ಆಯಿಲ್ ತುಂಬಿ, ಮೊದಮೊದಲು ಟ್ರೈಲರ್ ಕಟ್ಟದೆ, ಸ್ವಲ್ಪ ದೂರ ಓಡಿಸಿ ಹೌಸಿಂಗನ್ನು ಮುಟ್ಟಿ ನೋಡಿ ತಣಿಯಲು ಬಿಡುತ್ತಿದ್ದೆ. ಮೊದಲ ಆಯಿಲ್ ಬೇಗನೆ ಇಳಿಸಿದೆ. ನಯವಾದ ಬೂದು ಪುಡಿ ಮಾತ್ರ ಇತ್ತು, ಚಕ್ಕೆ ಇರಲಿಲ್ಲ. ಈಗ ಕಾಫಿ ಮೂಟೆ ಹೇರಿಕೊಂಡು ಏರು ಹತ್ತುವಾಗ ಎಂಜಿನ್ನಿನ ಸದ್ದು ಮಾತ್ರ ಕೇಳುತ್ತದೆ. ಮುಂದಿನ ಆಕ್ಸಲ್ಲಿನ ಪಿನಿಯನ್ ಸೀಲೂ ತೇವವಾಗಿದೆ, ಅದಕ್ಕೆ ಈ ಬೇಸಿಗೆಯಲ್ಲಿ ಕೈಹಾಕುತ್ತೇನೆ.