ಮಂಡ್ಯದ ಲೇಬರ್ ವಾರ್ಡಿನಿಂದ ಹೊಕ್ಕುಳಬಳ್ಳಿ ರಕ್ತ ಕಳಿಸಿದ ನನ್ನ ಅನುಭವ

ಮಗು ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತದಲ್ಲಿ ಹೊಸ ರಕ್ತ ಹುಟ್ಟಿಸುವ ಕಣಗಳಿರುತ್ತವೆ, ರಕ್ತದ ಕಾಯಿಲೆ ಇರುವವರಿಗೆ ಮಜ್ಜೆಯ ಹಾಗೆ ಅದನ್ನೂ ಕಸಿ ಮಾಡುತ್ತಾರೆ. ಲೇಬರ್ ವಾರ್ಡಿನ ಸಿಸ್ಟರ್ ಆದ ನಾನು ಅದನ್ನು ಚೀಲಕ್ಕೆ ತುಂಬಿ ಚೆನ್ನೈನ ಬ್ಯಾಂಕಿಗೆ ದಾನವಾಗಿ ಕಳಿಸುತ್ತಿದ್ದೆ. ಮಗುವಿನ ಪಾಲಿನ ರಕ್ತ ಅದಕ್ಕೆ ಹೋಗಲಿ ಅಂತ, ಬಳ್ಳಿಯನ್ನು ಬಿಗಿಹಿಡಿಯುವ ಕ್ಲಾಂಪ್ ಹಾಕಲು ಒಂದು ನಿಮಿಷ ಕಾದರೆ ಚೀಲಕ್ಕೆ ರಕ್ತವೇ ಉಳಿಯುವುದಿಲ್ಲ ಅಂತ ನನಗೆ ಹೇಳದವರಿಲ್ಲ. ನಮ್ಮ ಡಾಕ್ಟರೂ ಹೇಳಿದರು, ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇರುವ ಗೆಳತಿಯರೂ ಹೇಳಿದರು. ಮಂಡ್ಯದ ಸಣ್ಣ ನರ್ಸಿಂಗ್ ಹೋಮಿನಿಂದ ಚೆನ್ನೈವರೆಗೆ ಅದು ಕೆಡದೆ ತಲುಪುವುದಂತೂ ಆಗದ ಮಾತು ಅಂದರು. ಕಾದರೂ ಆಗುತ್ತದೆ, ಇಲ್ಲಿಂದಲೂ ಆಗುತ್ತದೆ. ಮಾಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಚೀಲ, ಸೂಜಿ, ಬೆಟಾಡಿನ್ ಇವೆಲ್ಲ ಲೇಬರ್ ವಾರ್ಡಿನವರಿಗೆ ಗೊತ್ತಿರುವುದೇ. ನನಗೆ ಎಲ್ಲಿ ಪೆಟ್ಟು ಬಿತ್ತು ಅನ್ನುವುದನ್ನು ಹೇಳುತ್ತೇನೆ.

ದಾನದ ಬಳ್ಳಿ ರಕ್ತವನ್ನು ಯಾವ ರೋಗಿಗಾದರೂ ಕೊಡಲು ಕೂಡಿಡುವ ಸಾರ್ವಜನಿಕ ಬ್ಯಾಂಕಿನವರು ಮಿಲಿ ನೋಡಿ ಸುಮ್ಮನಾಗುವುದಿಲ್ಲ, ಬಿಳಿಕಣ ಎಣಿಸುತ್ತಾರೆ. ರೋಗಿಯ ತೂಕದ ಒಂದು ಕಿಲೋಗೆ ಕಡಿಮೆ ಅಂದರೂ ಎರಡೂವರೆ ಕೋಟಿ ಕಣ ಬೇಕು. 20 ಕಿಲೋ ಮಗುವಿಗೆ 50 ಕೋಟಿ, 60 ಕಿಲೋ ದೊಡ್ಡವರಿಗೆ 150 ಕೋಟಿ. ಹಾಗಾಗಿ 100 ಕೋಟಿ ದಾಟದ ಚೀಲ ನಮಗೆ ಬೇಡ ಅನ್ನುತ್ತಿದ್ದರು. ಒಂದು ಮಿಲಿಯಲ್ಲಿ ಸುಮಾರು ಒಂದು ಕೋಟಿ ಕಣ ಸಿಗುತ್ತದೆ. ಅಂದರೆ 90, 100 ಮಿಲಿ ಬೇಕು. ನಮ್ಮ ಮೊದಮೊದಲ ಚೀಲಗಳಲ್ಲಿ 40, 45 ಮಿಲಿ ಬಂದರೆ ಹೆಚ್ಚು. ಹತ್ತರಲ್ಲಿ ಏಳೆಂಟು ಚೀಲ ತಿರಸ್ಕಾರವಾಗುತ್ತಿತ್ತು.

ಕಡಿಮೆ ರಕ್ತ ಒಂದೇ ಕಾರಣವಲ್ಲ. ನೈಟ್ ಡ್ಯೂಟಿಯಲ್ಲಿ ಒಬ್ಬರೇ ಇದ್ದಾಗ ಚೀಲದೊಳಗಿನ ಹೆಪ್ಪುತಡೆ ಮದ್ದು ಬೆರೆಯುವಂತೆ ಅಲ್ಲಾಡಿಸಲು ಕೈ ಸಿಗದೆ ರಕ್ತ ಹೆಪ್ಪುಗಟ್ಟಿತು. ಕೆಲವು ಚೀಲಗಳ ಕಲ್ಚರ್‌ನಲ್ಲಿ, ಅಂದರೆ ಸೋಂಕು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬ್ಯಾಕ್ಟೀರಿಯಾ ಬಂತು. ಒಮ್ಮೆ ಕೊರಿಯರ್ ಹುಡುಗ ಮಾಮೂಲಿ ರಕ್ತದ ಹಾಗೆ ಐಸ್ ತುಂಬಿದ ಡಬ್ಬಿಗೆ ಹಾಕಿಬಿಟ್ಟ. ಬಳ್ಳಿ ರಕ್ತ ಹೋಗಬೇಕಾದ್ದು ಕೋಣೆಯ ತಾಪದಲ್ಲಿ. ಅವತ್ತು ತುಂಬಿದ್ದು ನಮ್ಮ ಅತಿ ದೊಡ್ಡ ಚೀಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

2016ರ ಸೆಪ್ಟೆಂಬರಿನ ಕಾವೇರಿ ಗಲಾಟೆಯನ್ನು ಮಂಡ್ಯದವರು ಮರೆಯುತ್ತಾರಾ? ತಮಿಳುನಾಡಿನ ಕಡೆಗೆ ಬಸ್ಸಿಲ್ಲ, ಇಲ್ಲಿ ರಸ್ತೆ ತಡೆ, ರೈಲು ತಡೆ. ಒಳ್ಳೆ ಚೀಲವೊಂದು ನಮ್ಮ ಕೋಣೆಯಲ್ಲೇ 48 ಗಂಟೆ ಕಳೆಯಿತು. ಅಷ್ಟರೊಳಗೆ ಬ್ಯಾಂಕಿನವರು ಅದನ್ನು ಸಂಸ್ಕರಿಸಿ ಹೆಪ್ಪುಗಟ್ಟಿಸಿಡುವ ದ್ರವ ಸಾರಜನಕಕ್ಕೆ ಇಳಿಸಬೇಕಿತ್ತು. ಬಿಸಾಕಬೇಕಾಯಿತು. ಆ ತಾಯಿಗೆ ಏನು ಹೇಳುವುದು ಅಂತಲೇ ನನಗೆ ತಿಳಿಯಲಿಲ್ಲ.

ಕೊನೆಗೆ ಕೈಗೆ ಹತ್ತಿದ ದಾರಿ ಇದು. ಮಗು ಅಳಲಿ, ಉಸಿರಾಡಲಿ, ಒಂದು ನಿಮಿಷ ಬಳ್ಳಿಯನ್ನು ಮುಟ್ಟುವುದೇ ಇಲ್ಲ. ಮಗುವಿನ ಪಾಲು ಮೊದಲು, ಅದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಆಮೇಲೆ ಮಗುವಿನ ಹತ್ತಿರವೇ ಕ್ಲಾಂಪ್ ಹಾಕಿ, ಬಳ್ಳಿ ಉದ್ದವಾಗಿ ಉಳಿಯುವಂತೆ ಕತ್ತರಿಸುತ್ತೇವೆ. ಸ್ಪಿರಿಟ್ ಒಮ್ಮೆ, ಬೆಟಾಡಿನ್ ಎರಡು ಸಲ. ಬೆಟಾಡಿನ್ ಒಣಗುವವರೆಗೆ ಸೂಜಿ ಹಾಕುವುದಿಲ್ಲ. ಕಲ್ಚರ್ ತೊಂದರೆ ಬಹುಪಾಲು ಅಲ್ಲಿಗೇ ನಿಂತಿತು. ಮಾಸು (ಪ್ಲಸೆಂಟಾ) ಇನ್ನೂ ಒಳಗಿರುವಾಗಲೇ ರಕ್ತ ಎಳೆದುಕೊಳ್ಳಬೇಕು. ಗರ್ಭಕೋಶ ಬಿಗಿಯುವಾಗ ಅದೇ ತಳ್ಳಿಕೊಡುತ್ತದೆ. ಚೀಲ ಎಷ್ಟು ಕೆಳಗೆ, ಯಾವ ಕೋನದಲ್ಲಿ ಇರಬೇಕು, ಎರಡನೇ ಚುಚ್ಚು ಎಲ್ಲಿ ಅನ್ನುವುದರಲ್ಲಿ ಒಂದು ಕೈಚಳಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಿಂತು ತೋರಿಸಬೇಕಾದ್ದು. ನಮ್ಮಲ್ಲಿ ಕಲಿತ ಹುಡುಗಿಯರು ಈಗ 80 ಮಿಲಿಗೆ ಕಡಿಮೆ ತೆಗೆಯುವುದು ಅಪರೂಪ. ತಾಯಿಗೆ ರಕ್ತಸ್ರಾವ ಜಾಸ್ತಿ ಅನ್ನಿಸಿದರೆ ಚೀಲ ಅಲ್ಲೇ ಬಿಟ್ಟುಬಿಡಿ.

ನಡುವೆ ಬೇರೆ ಬೇರೆ ಪ್ರಯೋಗ ಮಾಡಿದೆ. ಬಳ್ಳಿಯನ್ನು ಬೆರಳಲ್ಲಿ ಹಿಂಡಿ ನೋಡಿದೆವು. ರಕ್ತ ಬೇಗ ಬಂತು, ಆದರೆ ಕಣ ಒಡೆದು ಕೆಟ್ಟಿತು, ಬೇಡ. ಹೊರಬಂದ ಮಾಸನ್ನು ಸ್ಟೆರೈಲ್ ಬೋಗುಣಿಯಲ್ಲಿಟ್ಟು ಸ್ಟ್ಯಾಂಡಿಗೆ ತೂಗುಹಾಕಿದರೆ ಹತ್ತು, ಹದಿನೈದು ಮಿಲಿ ಜಾಸ್ತಿ ಸಿಗುತ್ತದೆ. ತೂಕ ನೋಡಲು ಒಂದು ಡಿಜಿಟಲ್ ತಕ್ಕಡಿ ತಂದೆ. ಒಂದು ಮಿಲಿ ರಕ್ತ ಸುಮಾರು 1.06 ಗ್ರಾಂ ತೂಗುತ್ತದೆ, ಹಾಗಾಗಿ ಖಾಲಿ ಚೀಲದ ತೂಕ ಕಳೆದು 1.06ರಿಂದ ಭಾಗಿಸಿದರೆ ಮಿಲಿ ಸಿಕ್ಕಿತು. ಅದರಿಂದ ನನಗೇ ಒಂದು ವಿಷಯ ತಿಳಿಯಿತು. ಚೊಚ್ಚಲ ಹೆರಿಗೆಯಲ್ಲಿ, ನೋವು ಉದ್ದ ಎಳೆದಾಗ, ಕಣಗಳ ಎಣಿಕೆ ಜಾಸ್ತಿ. ದಪ್ಪ ಮಗುವಾದರೆ ರಕ್ತವೂ ಜಾಸ್ತಿ. ಚೀಲ ಕಡಿಮೆ ಇದ್ದಾಗ ಯಾರಿಗೆ ಬಳಸಬೇಕು ಅಂತ ಈಗ ಅದನ್ನು ನೋಡಿಯೇ ಆರಿಸುತ್ತೇನೆ.

ಹಳ್ಳಿಯ ಅಜ್ಜಿಯರನ್ನು ಒಪ್ಪಿಸುವುದು ಸೂಜಿ ಹಾಕುವುದಕ್ಕಿಂತ ಕಷ್ಟ. ‘ಮಗೀನ ರಕ್ತ ಬಸೀತಾರಂತೆ’ ಅಂತ ಒಬ್ಬರು ಶುರು ಮಾಡಿದರೆ ಇಡೀ ವಾರ್ಡು ಬಾಗಿಲು ಹಾಕಿಕೊಳ್ಳುತ್ತದೆ. ಕತ್ತರಿಸಿದ ಮೇಲೆ ತೆಗೆಯುವುದು, ಮಗುವಿಗೆ ಸೂಜಿಯೇ ತಾಗುವುದಿಲ್ಲ ಅಂತ ಒಬ್ಬ ಅಜ್ಜಿಗೆ ಮೊದಲೇ ತೋರಿಸಿಬಿಡುತ್ತೇನೆ. ತಾಯಿತಕ್ಕೆ ಬೇಕಾದ ಬಳ್ಳಿಯ ತುಂಡು ಮಗುವಿನ ಹೊಕ್ಕುಳಲ್ಲೇ ಇರುತ್ತದೆ, ಒಣಗಿ ಬಿದ್ದ ಮೇಲೆ ನಿಮ್ಮದೇ ಅನ್ನುತ್ತೇನೆ. ಅಷ್ಟು ಸಾಕು. ಆಮೇಲೆ ಅಜ್ಜಿಯೇ ಉಳಿದವರಿಗೆ ಹೇಳುತ್ತಾರೆ.

ಇನ್ನು ದುಡ್ಡು. ದಾನ ಮಾಡುವ ತಾಯಿಗೆ ಖರ್ಚಿರಲಿಲ್ಲ. ಚೀಲ, ತಾಯಿಯ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಬ್ಯಾಂಕಿನದಾಗಿತ್ತು. ಆದರೆ ತಲುಪಿಸುವವನ ಖರ್ಚು ನಮ್ಮ ತಲೆಗೆ ಬೀಳುತ್ತಿತ್ತು. ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಒಬ್ಬರನ್ನು ಕಳಿಸಿದರೆ ಬೆಳಿಗ್ಗೆ ಚೆನ್ನೈ. ಹೋಗಿಬರುವ ಟಿಕೆಟ್, ಊಟ, ಆಟೋ ಸೇರಿ ಆಗ ಸಾವಿರ, ಸಾವಿರದೈನೂರು ಆಗುತ್ತಿತ್ತು. ನರ್ಸಿಂಗ್ ಹೋಮಿನವರು ಮುಖ ಸಿಂಡರಿಸಿದಾಗ ಎಷ್ಟೋ ಸಲ ನಾವು ಸಿಸ್ಟರ್‌ಗಳೇ ಹಾಕಿದ್ದೇವೆ. ಅದೇ ಹೊತ್ತಿಗೆ, ದುಡ್ಡು ತೆಗೆದುಕೊಂಡು ಆ ಮಗುವಿನ ಸ್ವಂತಕ್ಕೇ ರಕ್ತ ಕೂಡಿಡುವ ಖಾಸಗಿ ಬ್ಯಾಂಕಿನ ಏಜೆಂಟ್ ಬಂದು ಕೇಸಿಗೆ ಇಷ್ಟು ಅಂತ ಕಮಿಷನ್ ಹೇಳುತ್ತಿದ್ದ. ಅವರು ತಂದೆತಾಯಿಯಿಂದ ತೆಗೆದುಕೊಳ್ಳುವುದು ಅರ್ಧ ಲಕ್ಷದ ಮೇಲೆ. ನಾಳೆ ಮಗುವಿಗೇ ಬೇಕಾದೀತು ಅಂತ ಹೆದರಿಸುತ್ತಾರೆ. ಥಲಸೇಮಿಯಾ, ಅಂದರೆ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ, ಇರುವ ಮಗುವಿನ ಬಳ್ಳಿ ರಕ್ತದಲ್ಲೂ ಅದೇ ದೋಷ ಇರುತ್ತದೆ, ಅದಕ್ಕೇ ವಾಪಸ್ ಕೊಟ್ಟು ಏನು ಪ್ರಯೋಜನ? ಸ್ವಂತಕ್ಕೆ ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಅದರ ಪ್ರತಿ ತೆಗೆದು ಗೋಡೆಗೆ ಅಂಟಿಸಿದೆ. ಏಜೆಂಟ್ ಆಮೇಲೆ ಬರಲಿಲ್ಲ.

ಈಗ ತಂದೆತಾಯಿಯಂಥವರ ಅರ್ಧ ಹೊಂದಿಕೆಯ ಮಜ್ಜೆಯಿಂದಲೂ ಕಸಿ ಮಾಡುತ್ತಾರೆ. ಅಪರಿಚಿತರ ಬಳ್ಳಿ ರಕ್ತಕ್ಕೆ ಕೇಳಿಕೆ ಕಡಿಮೆಯಾಗಿದೆ. ಆದರೆ ಒಡಹುಟ್ಟಿದವರಿಗೆ ಕೊಡುವುದು ಹಾಗೇ ಉಳಿದಿದೆ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಡಾ. ಎಲಿಯಾನ್ ಗ್ಲುಕ್‌ಮಾನ್ ಮೊದಲ ಸಲ ಮಾಡಿದ್ದೂ ಅದನ್ನೇ. ಮಜ್ಜೆ ಸೋಲುವ ಆನುವಂಶಿಕ ಕಾಯಿಲೆಯಾದ ಫ್ಯಾಂಕೋನಿ ಅನೀಮಿಯಾದ ಹುಡುಗನಿಗೆ ಆಗ ಹುಟ್ಟಿದ ತಂಗಿಯ ಬಳ್ಳಿ ರಕ್ತ.

ನಮಗೂ ಅಂಥದ್ದೊಂದು ಬಂತು. ಮದ್ದೂರು ಕಡೆಯ ಕುಟುಂಬ. ದೊಡ್ಡ ಮಗಳಿಗೆ ಥಲಸೇಮಿಯಾ, ತಿಂಗಳಿಗೊಮ್ಮೆಯಾದರೂ ರಕ್ತ ಹಾಕಿಸಬೇಕು. ಎರಡನೇ ಮಗುವಿಗೆ ಕಾಯಿಲೆ ಇಲ್ಲ ಅಂತ ಗರ್ಭದಲ್ಲೇ ಪರೀಕ್ಷೆಯಾಗಿತ್ತು. ಕಸಿಗೆ ಹೊಂದಬೇಕಾದ ಜೀವಕಣದ ಗುರುತು, ಎಚ್‌ಎಲ್‌ಎ, ಅಕ್ಕನದರ ಜೊತೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ನಿಮಿಷ ಕಾಯಬೇಡಿ, ಇದು ಬೇರೆ ಕೇಸು ಅಂತ ಡಾಕ್ಟರು ಹೇಳಿದರು. ಕಾಯೋಣ ಅಂದೆ, ಕಾದೆವು. ಚೀಲ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನಲ್ಲಿ ಬೆಂಗಳೂರಿಗೆ ಹೋಯಿತು, ದಾರಿ ಒಂದೂವರೆ ಗಂಟೆ. ರಿಪೋರ್ಟ್ ಬಂತು: 95 ಮಿಲಿ ಹತ್ತಿರ, 110 ಕೋಟಿ ಚಿಲ್ಲರೆ ಕಣ. ಅಕ್ಕನ ತೂಕ 14 ಕಿಲೋ, ಬೇಕಿದ್ದುದು 35 ಕೋಟಿ. ಹೊಂದಿಕೆಯೂ ಪೂರ್ತಿ ಆಯಿತು. ಕಸಿ ಮಾಡುವಾಗ ತಮ್ಮನ ಮಜ್ಜೆಯನ್ನೂ ಸ್ವಲ್ಪ ಸೇರಿಸುವ ಯೋಚನೆ ಇದೆಯಂತೆ. ಅದಕ್ಕೆ ಅವನು ಒಂಚೂರು ಬೆಳೆಯಬೇಕು.

ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿ, ಇನ್ನೂ ಒಂದು ಡಜನ್ ಚೀಲ ತರಿಸಿ ಅಂದರು. ಅರ್ಧ ಡಜನ್ ಸಾಕು ಅಂದೆ. ಚೀಲಕ್ಕೆ ಎಕ್ಸ್‌ಪೈರಿ ಇರುತ್ತದೆ, ನೀವೂ ಒಟ್ಟಿಗೆ ಜಾಸ್ತಿ ತರಿಸಬೇಡಿ.