ಯಾಕಿನಿಕು ಮೇಜಿನಲ್ಲಿ ವಾಗ್ಯು: ಹೋಳಿಗೊಂದು ಲೆಕ್ಕ

ಜಪಾನಿನಲ್ಲಿ ವಾಗ್ಯು ಎಂಬ ಅಲ್ಲಿನ ತಳಿಯ ದನದ ಮಾಂಸ ತಿನ್ನಲು ದೊಡ್ಡ ಹೋಟೆಲೇ ಆಗಬೇಕೆಂದಿಲ್ಲ, ರೈಲು ನಿಲ್ದಾಣದ ಹಿಂದಿನ ಓಣಿಯ ಯಾಕಿನಿಕು ಅಂಗಡಿ ಸಾಕು. ಮೇಜಿನ ನಡುವೆ ಒಲೆ, ಅದರ ಮೇಲೆ ತಂತಿಯ ಜಾಲರಿ. ಮಾಂಸ ಹಸಿಯಾಗಿಯೇ ಬರುತ್ತದೆ, ಸುಡುವವರು ನಾವು. ಹದ ಕೆಟ್ಟರೆ ಬೈಯಲು ಅಡುಗೆಯವನೂ ಸಿಗುವುದಿಲ್ಲ.

ಮೆನುವಿನಲ್ಲಿ ನಾನು ಮೊದಲು ಹುಡುಕುವುದು ಎರಡು ಪದ: ವಾಗ್ಯು, ಕೊಕುಸಾನ್ ಗ್ಯೂ. ಎರಡನೆಯದಕ್ಕೆ ಜಪಾನಿನಲ್ಲಿ ಬೆಳೆದ ದನ ಎಂದಷ್ಟೇ ಅರ್ಥ, ಹಾಲಿನ ತಳಿಯದ್ದೂ ಇರಬಹುದು. ವಾಗ್ಯು ಎಂದರೆ ನಾಲ್ಕೇ ತಳಿ, ಅದರಲ್ಲೂ ಸಿಗುವುದು ಬಹುಪಾಲು ಕಪ್ಪು ಕೂದಲಿನ ಕುರೊಗೆ. ಎ5 ಎಂಬ ಬೋರ್ಡಿಗೆ ಮರುಳಾಗಬೇಡಿ. 'ಎ' ಎಂಬುದು ಒಂದು ದನದಿಂದ ಎಷ್ಟು ಮಾಂಸ ಇಳಿಯುತ್ತದೆ ಎಂಬ ವ್ಯಾಪಾರದ ಲೆಕ್ಕ, ತಿನ್ನುವವರಿಗೆ ಸಂಬಂಧಿಸಿದ್ದಲ್ಲ. ಅಂಕಿಯೇ ಗುಣ. ಕೊಬ್ಬಿನ ಗೆರೆಗಳನ್ನು 1ರಿಂದ 12ರವರೆಗೆ ಅಳೆಯುತ್ತಾರೆ. 8ರಿಂದ ಮೇಲಿನದು 5ನೇ ದರ್ಜೆ, 5ರಿಂದ 7 ಇದ್ದರೆ 4ನೇ ದರ್ಜೆ. ಹೊಟ್ಟೆ ತುಂಬ ತಿನ್ನುವುದಾದರೆ ನನ್ನ ಆಯ್ಕೆ 4. ಐದನೇ ದರ್ಜೆಯದು ನಾಲ್ಕು ಹೋಳಿಗೇ ಮುಖ ಹೊಡೆಯುತ್ತದೆ.

ಒಂದು ಪ್ಲೇಟು ಸಾಮಾನ್ಯವಾಗಿ 80ರಿಂದ 100 ಗ್ರಾಂ. ಇಬ್ಬರಿಗೆ ನಾಲ್ಕು ಪ್ಲೇಟು ಧಾರಾಳ: ನಾಲಿಗೆ ಒಂದು, ಹರಾಮಿ ಒಂದು, ಕರುಬಿ ಒಂದು, ತೊಡೆಯ ಕೆಂಪು ಮಾಂಸ ಒಂದು. ಹರಾಮಿ ನಮ್ಮೂರ ಬೈಗುಳವಲ್ಲ, ವಪೆಯ, ಅಂದರೆ ಎದೆ ಹೊಟ್ಟೆಗಳ ನಡುವಿನ ಪರದೆಯ, ಸ್ನಾಯು. ಕರುಬಿಗೂ ಹೊಟ್ಟೆಕಿಚ್ಚಿಗೂ ನಂಟಿಲ್ಲ, ಅದು ಪಕ್ಕೆಲುಬಿನ ಭಾಗ. ಹರಾಮಿಯ ಮುಂದೆ ವಾಗ್ಯು ಎಂದು ಬರೆದಿರದಿದ್ದರೆ ಅದು ಹೊರದೇಶದ್ದಾಗಿರುವ ಸಾಧ್ಯತೆಯೇ ಹೆಚ್ಚು. ನಾಲಿಗೆಯ ಕಥೆಯೂ ಅದೇ. ನಾಲ್ಕನ್ನೂ ಒಟ್ಟಿಗೆ ಹೇಳಬೇಡಿ. ವಾಗ್ಯುವಿನ ಕೊಬ್ಬು ಬೇಗ ಕರಗುವ ಜಾತಿಯದು. ಒಲೆಯ ಪಕ್ಕದಲ್ಲಿ ಹತ್ತು ನಿಮಿಷ ಕೂತರೆ ಪ್ಲೇಟಿನಲ್ಲೇ ಮೆತ್ತಗಾಗಿ, ಇಕ್ಕಳದಲ್ಲಿ ಹಿಡಿದಾಗ ಹರಿಯುತ್ತದೆ.

ಉಪ್ಪಿನದು ಮೊದಲು, ತಾರೆ ಸವರಿದ್ದು ಆಮೇಲೆ. ತಾರೆ ಎಂದರೆ ಸೋಯಾ ಸಾಸಿಗೆ ಸಕ್ಕರೆ, ಬೆಳ್ಳುಳ್ಳಿ, ಎಳ್ಳೆಣ್ಣೆ ಸೇರಿದ ಸಾರ. ಅದರ ಸಕ್ಕರೆ ಜಾಲರಿಗೆ ಅಂಟಿ ಸೀಯುತ್ತದೆ, ಆಮೇಲೆ ಇಡುವ ಪ್ರತಿ ಹೋಳಿಗೂ ಆ ಕಹಿ ಹತ್ತುತ್ತದೆ. ಜಾಲರಿ ಕಪ್ಪಾದಾಗ 'ಅಮಿ ಕೊಕಾನ್' ಎಂದರೆ ಬೇರೆ ತಂದು ಹಾಕುತ್ತಾರೆ. ಸಂಕೋಚ ಬೇಡ.

ಜಾಲರಿ ಎರಡು ಮೂರು ನಿಮಿಷ ಕಾಯಲಿ. ತಣ್ಣಗಿದ್ದಾಗ ಮಾಂಸ ಇಟ್ಟರೆ ಅಂಟಿಕೊಂಡು ಕಿತ್ತುಬರುತ್ತದೆ. ಕೊಬ್ಬಿನ ತುಣುಕು ಕೊಟ್ಟಿದ್ದರೆ ಮೊದಲು ಅದರಿಂದ ಸವರಿ.

ಕರುಬಿಯ ಹೋಳು ನಾಲ್ಕು ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ಹರಡಿ ಇಟ್ಟ ಮೇಲೆ ಮುಟ್ಟಬೇಡಿ. ಅಂಚು ಸುರುಟಿ ಬೆಳ್ಳಗಾಗುತ್ತದೆ, ಇಪ್ಪತ್ತು ಮೂವತ್ತು ಸೆಕೆಂಡಿನಲ್ಲಿ ಮೇಲ್ಮೈ ಮೇಲೆ ಬೆವರಿನ ಹನಿಯಂತೆ ರಸ ಮೂಡುತ್ತದೆ. ತಿರುವುವ ಗಳಿಗೆ ಅದೇ. ಇನ್ನೊಂದು ಮಗ್ಗುಲಿಗೆ ಹತ್ತು ಹದಿನೈದು ಸೆಕೆಂಡು, ಅಷ್ಟೇ. ನಮ್ಮ ರೂಢಿಯಂತೆ ಚೆನ್ನಾಗಿ ಬೇಯಲಿ ಎಂದು ಬಿಟ್ಟರೆ ದುಡ್ಡು ಕೊಟ್ಟ ಕೊಬ್ಬೆಲ್ಲ ಕೆಂಡದ ಪಾಲಾಗಿ ತಟ್ಟೆಗೆ ನಾರು ಬರುತ್ತದೆ. ದಪ್ಪ ಕತ್ತರಿಸಿದ ಹರಾಮಿಗೆ ಈ ಲೆಕ್ಕ ನಡೆಯದು. ಅದನ್ನು ನಾಲ್ಕೈದು ಸಲ ತಿರುವಿ, ಜಾಲರಿಯ ಅಂಚಿಗೆ ಸರಿಸಿ, ಒಂದು ನಿಮಿಷ ಸುಮ್ಮನಿಡುತ್ತೇನೆ. ಈರುಳ್ಳಿ ಸೊಪ್ಪು ಹೇರಿದ ತೆಳು ನಾಲಿಗೆಯನ್ನು ತಿರುವಿದರೆ ಸೊಪ್ಪೆಲ್ಲ ಬೆಂಕಿಗೆ. ಅಡಿ ಬೆಂದೊಡನೆ ಮಡಚಿ ಎತ್ತಿಬಿಡಬೇಕು, ಮೇಲೆ ನಿಂಬೆ ಹಿಂಡಿದರೆ ಆಯಿತು.

ಒಬ್ಬರಿಗೆ ಒಂದೆರಡು ಹೋಳಿಗಿಂತ ಹೆಚ್ಚು ಒಮ್ಮೆಗೇ ಜಾಲರಿಗೆ ಹಾಕಬೇಡಿ. ಹೆಚ್ಚು ತುಂಬಿಸಿದರೆ ಜಿಡ್ಡು ಒಟ್ಟಿಗೆ ತೊಟ್ಟಿಕ್ಕಿ ಜ್ವಾಲೆ ಏಳುತ್ತದೆ, ಮಾಂಸಕ್ಕೆ ಮಸಿ ಹಿಡಿಯುತ್ತದೆ. ಊದಬೇಡಿ, ನೀರು ಚಿಮುಕಿಸಲೇಬೇಡಿ, ಬೂದಿ ಹಾರುತ್ತದೆ. ಮಾಂಸವನ್ನು ಬದಿಗೆ ಸರಿಸಿ, ಐಸ್ ತುಂಡು ಕೇಳಿ ಜಾಲರಿಯ ಮೇಲೆ ಇಡಿ, ಉರಿ ತಾನೇ ತಗ್ಗುತ್ತದೆ.

ಹಸಿ ಮಾಂಸ ಮುಟ್ಟುವುದು ಇಕ್ಕಳ, ಬಾಯಿಗೆ ಹೋಗುವುದು ಚಾಪ್‌ಸ್ಟಿಕ್. ಇವೆರಡೂ ಬೆರೆಯಕೂಡದು. 2011ರಲ್ಲಿ ಯಾಕಿನಿಕು ಅಂಗಡಿಗಳ ಹಸಿ ಮಾಂಸ ತಿಂದು ಜನ ಸತ್ತರು. 2012ರ ಜುಲೈಯಿಂದ ದನದ ಲಿವರನ್ನು ಹಸಿಯಾಗಿ ಬಡಿಸುವುದೇ ನಿಷಿದ್ಧ. ಲಿವರ್, ಕರುಳು ಬಂದರೆ ಪೂರ್ತಿ ಬೇಯಿಸಿ. ಕರುಳಿನ ಹೊರಮೈ ಮೊದಲು ಮುಕ್ಕಾಲು ಪಾಲು ಬೇಯಲಿ, ಕೊಬ್ಬಿನ ಮಗ್ಗುಲು ಕೊನೆಗೆ.

ನಮ್ಮ ಕಡೆಯವರ ಗುಂಪಿನಲ್ಲಿ ದನದ ಮಾಂಸ ತಿನ್ನದವರು ಒಬ್ಬಿಬ್ಬರು ಇರುತ್ತಾರೆ. ಅವರಿಗೆ ಕೋಳಿ, ಸೀಗಡಿ ಸಿಗುತ್ತದೆ ನಿಜ, ಆದರೆ ಜಾಲರಿ ಒಂದೇ. ಕುಪ್ಪಾ ಎಂಬ ಅನ್ನದ ಸೂಪು, ಬರಿಯ ಸೂಪು, ರೇಮೆನ್ ಎಂಬ ತಣ್ಣನೆಯ ಸೇವಿಗೆಯ ತಿಳಿಗೂ ದನದ ಮೂಳೆಯ ಸಾರು ಬಿದ್ದಿರುವುದುಂಟು. ಬೇರೆ ಮೇಜು ಹಿಡಿಯುವುದೇ ನೆಮ್ಮದಿ.

ಅನ್ನವನ್ನು ಕೊನೆಗೆ ಬಿಡಬೇಡಿ, ತಾರೆ ಕರುಬಿಯ ಜೊತೆಗೇ ತರಿಸಿ. ಕೊನೆಗೆ ತಣ್ಣನೆಯ ರೇಮೆನ್ ಸೇವಿಗೆ, ಜಿಡ್ಡು ಕಡಿಯುತ್ತದೆ. ತಾಬೆಹೋದಾಯ್, ಅಂದರೆ ಒಂದೇ ಬೆಲೆಗೆ ಬೇಕಾದಷ್ಟು ತಿನ್ನುವ ಊಟ, ಹಿಡಿದಿದ್ದರೆ ಗಡಿಯಾರ ನೋಡಿ: 90 ನಿಮಿಷದಲ್ಲಿ ಕೊನೆಯ ಇಪ್ಪತ್ತು ಮೂವತ್ತು ನಿಮಿಷ ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಟಿಪ್ಸ್ ಇಲ್ಲ, ಮೆನು ಬೆಲೆಯಲ್ಲಿ 10% ತೆರಿಗೆ ಸೇರಿದೆಯೇ ಎಂದು ನೋಡಿಕೊಂಡರೆ ಸಾಕು. ಕೋಟನ್ನು ಮಾತ್ರ ಕೂರುವ ಮೊದಲೇ ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಕುರ್ಚಿಯ ಬೆನ್ನಿಗೆ ನೇತುಹಾಕಿದ ಉಣ್ಣೆಯ ಕೋಟಿನಿಂದ ಹೊಗೆ ವಾಸನೆ ಮೂರು ದಿನವಾದರೂ ಬಿಡುವುದಿಲ್ಲ.